ಬಿರುಗಾಳಿ ಹಾಕಿದ ಬೆಸುಗೆ

ವರ್ಕ್‌ಶಾಪಿನಲ್ಲಿ ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟವರು ಯಾರೋ, ಸುಳ್ಳೆನ್ನಲು ಮಾತ್ರ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮೆಟ್ಟಿಲು ಹತ್ತುವುದು ಓಡುತ್ತಲೇ, ಉಣ್ಣುವುದು ನಿಂತುಕೊಂಡೇ. ಗೇಟು, ಏಣಿ, ಮಂಚ ಬೆಸೆದು ಬೆಸೆದು ಬೇಸತ್ತಿದ್ದ ಅವಳಿಗೆ ಇದ್ದದ್ದು ಒಂದೇ ಆಸೆ: ಹಾಲಿನ ಕಾರ್ಖಾನೆಗಳಿಗೆ ಸ್ಟೀಲ್ ಪೈಪ್ ಬೆಸೆಯುವ ವಿಭಾಗಕ್ಕೆ ಸೇರಬೇಕು. ಅದಕ್ಕೊಂದು ಪರೀಕ್ಷೆಯಿತ್ತು. ಬೆಸೆದ ಪೈಪಿನೊಳಗೆ ಗಾಳಿ ತುಂಬಿ ಮೇಲೆ ಸೋಪುನೀರು ಬಳಿದರೆ ಒಂದು ಗುಳ್ಳೆಯೂ ಏಳಬಾರದು.

ಎರಡು ಸಲ ಗುಳ್ಳೆ ಎದ್ದವು. ಮೂರನೆಯದೇ ಕೊನೆಯದು ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದರು.

ಕರಗಿದ ಸ್ಟೀಲಿಗೆ ಗಾಳಿ ತಗುಲಿದರೆ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಅದಕ್ಕೇ ಬೆಸೆಯುವ ಟಾರ್ಚಿನ ಬಾಯಿಂದ ಆರ್ಗಾನ್ ಗ್ಯಾಸ್ ಹೊರಟು ಗಾಳಿಯನ್ನು ದೂರ ಇಡುತ್ತದೆ. ತೂತು ಬಿತ್ತೆಂದರೆ ಅಲ್ಲಿಯವರೆಲ್ಲ ಮಾಡುತ್ತಿದ್ದದ್ದು ಗ್ಯಾಸನ್ನು ಇನ್ನಷ್ಟು ತೆರೆಯುವುದು. ಹೊದಿಕೆ ದಪ್ಪವಾದಷ್ಟೂ ಒಳ್ಳೆಯದಲ್ಲವೇ? ಬಿರುಗಾಳಿಯಂತೂ ಬುಸ್ಸೆನ್ನುವಷ್ಟು ತೆರೆದಿದ್ದಳು. ಆಮೇಲೆ ಅನುಮಾನ ಫ್ಯಾನಿನ ಮೇಲೆ ಹೋಯಿತು. ಅದನ್ನು ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿಸಿ ಎಲ್ಲರನ್ನೂ ಬೆವರಿನಲ್ಲಿ ತೋಯಿಸಿದಳು. ತೂತುಗಳು ಜಪ್ಪಯ್ಯ ಅಂದರೂ ಹೋಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಮುಖಕ್ಕೆ ನೀರು ಸಿಡಿಯಿತು. ನಲ್ಲಿಯನ್ನು ಪೂರ್ತಿ ತಿರುಗಿಸುವುದು ಸೊಸೆಯ ಹಳೇ ಚಾಳಿ, ಗೊಣಗುವುದು ಅತ್ತೆಯ ಹಳೇ ಚಾಳಿ.

"ನೀನು ನಲ್ಲಿ ಬಿಟ್ರೆ ನೀರೆಲ್ಲಿ ಬರುತ್ತೆ ಕಣೇ, ಬರೀ ನೊರೆ," ಎನ್ನುತ್ತ ಅತ್ತೆ ಕೈಚಾಚಿ ನಲ್ಲಿಯನ್ನು ಸಣ್ಣಗೆ ಮಾಡಿದರು.

ಬೆಳ್ಳಗೆ ಭೋರ್ಗರೆಯುತ್ತಿದ್ದ ನೀರು ಗಾಜಿನ ಕಡ್ಡಿಯ ಹಾಗೆ ಅಲುಗದೆ ಇಳಿಯತೊಡಗಿತು. ಸೊಸೆ ಕೈಲಿದ್ದ ತಟ್ಟೆ ಮರೆತಳು. ನಲ್ಲಿ ತೆರೆದಳು: ಸುಳಿ, ನೊರೆ, ಗುಳ್ಳೆ. ಸಣ್ಣಗೆ ಮಾಡಿದಳು: ಮತ್ತೆ ಗಾಜು. ಗುಳ್ಳೆಯೊಳಗಿರುವುದು ಗಾಳಿ, ಅದನ್ನು ಒಳಗೆ ಎಳೆದುಕೊಂಡದ್ದು ನೀರಿನ ಅವಸರ. ರಭಸ ಮಿತಿಮೀರಿದರೆ ಹರಿವು ತನ್ನಲ್ಲೇ ಸುತ್ತಿಕೊಂಡು ಸುಳಿಸುಳಿಯಾಗುತ್ತದೆ, ಅಕ್ಕಪಕ್ಕದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಹಾಗಾದರೆ ತನ್ನ ಟಾರ್ಚಿನಲ್ಲಿ ಬುಸ್ಸೆನ್ನುತ್ತಿದ್ದ ಗ್ಯಾಸು? ದೂರ ಇಡಬೇಕಾದ ಗಾಳಿಯನ್ನು ಅದೇ ಕೈಹಿಡಿದು ಕರೆತರುತ್ತಿತ್ತು!

ನೀರು ದಂಡವಾಗುತ್ತಿದೆ ಎಂದು ಅತ್ತೆ ಬೈಯುವಷ್ಟರಲ್ಲಿ ಅವರ ಒದ್ದೆ ಕೆನ್ನೆಗೊಂದು ಮುತ್ತು ಕೊಟ್ಟು ಓಡಿದಳು.

ಅವಳು ಗ್ಯಾಸನ್ನು ಇಳಿಸುತ್ತ ಹೋದಂತೆ ಮೇಸ್ತ್ರಿಯ ಹುಬ್ಬು ಏರುತ್ತ ಹೋಯಿತು. ಇದು ಕೊನೇ ಸಲ ಎಂದು ಮತ್ತೊಮ್ಮೆ ನೆನಪಿಸಿದರು. ಬುಸುಗುಟ್ಟುವಿಕೆ ಅಡಗಿ ಉಸಿರಿನಷ್ಟು ಸದ್ದು ಉಳಿಯಿತು. ಅವಳು ಪೈಪಿನ ಸುತ್ತ ಕೈಯನ್ನು ಮೆಲ್ಲಗೆ ಸಾಗಿಸಿದಳು.

ಮೇಸ್ತ್ರಿ ಸೋಪುನೀರು ಬಳಿದರು. ಗುಳ್ಳೆ ಏಳಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ಬಳಿದು, ಕನ್ನಡಕ ಒರೆಸಿ ಬಗ್ಗಿ ನೋಡಿದರು. ಪೈಪು ಹೊಳೆಯುತ್ತಿತ್ತು, ಅಷ್ಟೇ. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು.

"ನಾಳೆಯಿಂದ ಪೈಪಿನ ಕಡೆ ಬಾ," ಎಂದರು ಮೇಸ್ತ್ರಿ. "ನಿನ್ನ ಹೆಸರೂ ಬದಲಾಯಿಸ್ಬೇಕು ಇನ್ನು."

"ಬೇಡಿ ಮೇಸ್ತ್ರಿ. ನಾನು ಬುದ್ಧಿ ಹೇಳಿರೋದು ಗ್ಯಾಸಿಗೆ, ನನಗಲ್ಲ."

ಸಂಜೆ ಅವಳ ಖುಷಿಗೆ ಮೂಗುದಾರ ಹಾಕುವವರಿರಲಿಲ್ಲ. ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ, ಪಾಸಾದದ್ದು ನೀವೇ ಅತ್ತೆ ಎಂದು ಕೆಳಗಿನಿಂದಲೇ ಕೂಗಿದಳು. ಬೀದಿಗೆಲ್ಲ ಕೇಳಿಸಿತು.