ಬದರೀನಾರಾಯಣರ ಹನ್ನೊಂದು ಯುಗಾದಿ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಬದರೀನಾರಾಯಣರಷ್ಟು ಚೆನ್ನಾಗಿ ರಮ್ಮಿ ಬಲ್ಲವರು ಇರಲಿಲ್ಲ. ಅವರಷ್ಟು ಸಲ ಸೋತವರೂ ಇರಲಿಲ್ಲ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಸಾಕಿದರು ಎಂಬುದು ವಾರ ಕಳೆದರೂ ಅವರಿಗೆ ನೆನಪಿರುತ್ತಿತ್ತು. ಅದನ್ನು ನಮಗೆ ಒಪ್ಪಿಸದೆ ಬಿಡುತ್ತಲೂ ಇರಲಿಲ್ಲ.

ಯುಗಾದಿಯ ಊಟವಾದ ಮೇಲೆ ಇಸ್ಪೀಟು ಆಡುವುದು ನಮ್ಮಲ್ಲಿ ಹಳೆಯ ರೂಢಿ. ೧೯೯೦ರಿಂದ ನಮ್ಮ ರಸ್ತೆಯವರ ಸಂಘದ ಹಾಲಿನಲ್ಲಿ ಅದನ್ನೇ ಟೂರ್ನಮೆಂಟ್ ಮಾಡಿದೆವು. ಗೆದ್ದವರಿಗೆ ಒಂದು ಕಪ್ಪು, ಅಷ್ಟೆ. ಸೋತವನ ಕೈಯಲ್ಲಿ ಜೊತೆ ಸೇರದೆ ಉಳಿದ ಎಲೆಗಳ ಅಂಕ ಅವನ ತಲೆಗೆ. ಜೋಕರ್ ಯಾವ ಎಲೆಯ ಜಾಗಕ್ಕೂ ಸಲ್ಲುತ್ತದೆ. ನೂರೊಂದು ಮುಟ್ಟಿದರೆ ಮನೆಗೆ. ಎಲೆ ಚೆನ್ನಾಗಿಲ್ಲವೆಂದರೆ ಆರಂಭದಲ್ಲೇ ಇಪ್ಪತ್ತು ಅಂಕ ಹೊತ್ತುಕೊಂಡು ಡ್ರಾಪ್ ಮಾಡಿ ಬಚಾವಾಗಬಹುದು.

ಮೇಷ್ಟ್ರ ಗೋಳು ಇಲ್ಲೇ ಇತ್ತು. ಅವರಿಗೆ ಒಳ್ಳೆಯ ಎಲೆ ಬಿದ್ದಾಗ ಎಲ್ಲರೂ ಡ್ರಾಪ್. ಕೆಟ್ಟದ್ದು ಬಿದ್ದಾಗ, ಡ್ರಾಪ್ ಮಾಡಲು ಮನಸ್ಸಾಗದೆ ಅವರು ಆಡಿದರೆ, ಎಲ್ಲರೂ ಜಿಗಣೆಯಂತೆ ಕೂತು ಅವರ ತಲೆಗೆ ಪೂರ್ತಿ ಅಂಕ ಕಟ್ಟುತ್ತಿದ್ದರು. ಇದಕ್ಕೆ ಅವರು ಕುರ್ಚಿ ಬದಲಿಸಿದರು, ರಾಹುಕಾಲ ನೋಡಿದರು, ಹವಳದ ಉಂಗುರ ಹಾಕಿದರು, ಅವೆನ್ಯೂ ರಸ್ತೆಯಿಂದ ತಾವೇ ಹೊಸ ಇಸ್ಪೀಟು ಕಟ್ಟು ತಂದರು. ಹತ್ತು ಯುಗಾದಿ ಹೀಗೇ ಕಳೆಯಿತು.

ಎರಡು ಸಾವಿರನೇ ಇಸವಿಯಲ್ಲಿ ಆಟಕ್ಕೆ ಕೂರುವ ಮುಂಚೆ ಅವರು, ಈ ಸಲವೂ ಸೋತರೆ ಇನ್ನು ಇಸ್ಪೀಟು ಮುಟ್ಟುವುದಿಲ್ಲ ಎಂದರು. "ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು. ನನ್ನ ಹಣೇಲಿ ಅದೃಷ್ಟ ಅನ್ನೋದೇ ಬರೆದಿಲ್ಲ." ತಮಾಷೆಗೆ ಹೇಳಿದ್ದಲ್ಲ. ನನಗೆ ನಾಚಿಕೆಯಾಯಿತು. ಯಾಕೆಂದರೆ ಅವರ ದುರದೃಷ್ಟದ ಗುಟ್ಟು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಎರಡು ಸಲ ನಾನೇ ಕಪ್ಪು ಗೆದ್ದಿದ್ದೆ ನೋಡಿ.

ಅವತ್ತು ಮೊದಲ ಬಾರಿಗೆ ಅವರ ಹೆಂಡತಿ ಜಾನಕಮ್ಮ ಹಾಲಿಗೆ ಬಂದರು. ಎಲ್ಲರಿಗೂ ಒಬ್ಬಟ್ಟು ಕೊಟ್ಟು, ಒಂದು ಮೂಲೆಯಲ್ಲಿ ಕೂತು ಮೂರು ಆಟ ನೋಡಿದರು. ಆಮೇಲೆ ಗಂಡನನ್ನು ಕಿಟಕಿಯ ಹತ್ತಿರ ಕರೆದರು. ಆಕೆಗೆ ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ, ನಮಗೆಲ್ಲ ಕೇಳಿಸಿತು.

"ಅಲ್ರೀ, ಜೋಕರ್ ಬಂದ್ರೆ ಸಾಕು, ಪ್ರಸಾದ ತೊಗೊಂಡ ಹಾಗೆ ಕಣ್ಣಿಗೊತ್ಕೋತೀರಲ್ಲ? ನೀವು ಒತ್ಕೊಳ್ಳೋದೇ ತಡ, ದೊಡ್ಡಬೈರಪ್ಪನೋರು ಎಲೆ ಮಡಚಿಡ್ತಾರೆ."

ನಿಜ. ಸಂಬಳದ ಕವರಿರಲಿ, ಕೈಜಾರಿ ಬಿದ್ದ ಪುಸ್ತಕವಿರಲಿ, ಕಣ್ಣಿಗೊತ್ತಿಕೊಳ್ಳದೆ ಅವರಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಇಸ್ಪೀಟಿನಲ್ಲೂ ಹಾಗೇ ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಎರಡನೇ ವರ್ಷದಲ್ಲೇ ಅದನ್ನು ಮೊದಲು ಕಂಡುಹಿಡಿದವರು ಸೈಟು ವ್ಯಾಪಾರದ ದೊಡ್ಡಬೈರಪ್ಪ. ಅವರ ಮನೆಯಲ್ಲಿ ನಾಲ್ಕು ಕಪ್ಪುಗಳಿದ್ದವು.

ಮೇಷ್ಟ್ರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಾನು ಒಬ್ಬಟ್ಟಿನ ತಟ್ಟೆ ನೋಡಿದೆ. ಬೈಗುಳ ಬೀಳುತ್ತದೆಂದುಕೊಂಡರೆ, ಅವರು ಬಂದು ಕೂತು ಎಲೆ ಹಾಕಿ ಎಂದರಷ್ಟೆ.

ಹಾಕಿದೆವು. ಅವರು ಹದಿಮೂರೂ ಎಲೆಗಳನ್ನು ಜೋಡಿಸಿ, ಒಟ್ಟಿಗೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಗಾಬರಿಯಾಗಿ ನಾವೆಲ್ಲ ಡ್ರಾಪ್ ಮಾಡಿದೆವು. ಮುಂದಿನ ಆಟದಲ್ಲೂ ಒತ್ತಿಕೊಂಡರು, ಮತ್ತೆ ಡ್ರಾಪ್. ಮೂರನೆಯದರಲ್ಲಿ, ಇದು ಬರೀ ನಾಟಕವೆಂದು ದೊಡ್ಡಬೈರಪ್ಪ ಉಳಿದುಕೊಂಡರು. ಆ ಸಲ ಮೇಷ್ಟ್ರ ಕೈಯಲ್ಲಿ ನಿಜಕ್ಕೂ ಮೂರು ಜೋಕರ್ ಇದ್ದವು. ದೊಡ್ಡಬೈರಪ್ಪ ಮೊದಲು ಮನೆಗೆ, ಅವರ ಹಿಂದೆಯೇ ನಾನು. ಕಪ್ಪು ಬದರೀನಾರಾಯಣರದಾಯಿತು.

ದೊಡ್ಡಬೈರಪ್ಪನಿಗೆ ತಡೆಯಲಾಗಲಿಲ್ಲ. ನಾವೆಲ್ಲ ಹೆದರಿ ಓಡಿದ ಮೊದಲ ಆಟದಲ್ಲಿ ಅಂಥದ್ದೇನು ಬಂದಿತ್ತೆಂದು ಕೇಳಿದರು. ಮೇಷ್ಟ್ರು ಹದಿಮೂರೂ ಎಲೆಗಳನ್ನು ಬಾಯಲ್ಲೇ ಒಪ್ಪಿಸಿದರು. ಒಂದಕ್ಕೊಂದು ಸಂಬಂಧವಿಲ್ಲ, ಜೋಕರ್ ಒಂದೂ ಇಲ್ಲ.

"ಅಂಥಾ ದರಿದ್ರ ಎಲೇನೂ ಕಣ್ಣಿಗೊತ್ಕೊಂಡ್ರಾ ಮೇಷ್ಟ್ರೇ?"

"ಹತ್ತು ವರ್ಷ ಅವನ್ನ ಬೈಕೊಂಡೇ ಕೂತಿದ್ದೆ ಬೈರಪ್ಪನೋರೇ. ಇವತ್ತು ಗೆಲ್ಸಿದ್ದು ಅವೇ."

ಹೇಳುವಾಗ ಅವರ ಕಣ್ಣು ತುಂಬಿತ್ತು. ಕಪ್ಪನ್ನು ಜಾನಕಮ್ಮನ ಕೈಗಿತ್ತು, ಇನ್ನೂ ಐದು ಗಂಟೆಯಲ್ಲವೇ, ಸುಮ್ಮನೆ ಒಂದಾಟ ಹಾಕೋಣ ಎಂದು ಎಲೆ ಕಲಸತೊಡಗಿದರು.