ಹೋಗುವಾಗ ಇಲ್ಲದ ಬೆಟ್ಟ

ನನಗೆ ಸುಮಾರು ಎಂಟು ತಿಂಗಳು ಎಡಗಡೆ ಇರಲಿಲ್ಲ. ಎಡಗೈ ಇತ್ತು, ಎಡಗಾಲಿತ್ತು, ಎಡಗಣ್ಣಂತೂ ಬಲಗಣ್ಣಿಗಿಂತ ಚುರುಕಾಗಿಯೇ ಇತ್ತು. ಇಲ್ಲದ್ದು ಎಡಗಡೆ ಮಾತ್ರ. ಇದನ್ನು ಯಾರಿಗಾದರೂ ಹೇಳಿದರೆ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿ ಮಹದೇವಮ್ಮನ ಮುಖ ನೋಡುತ್ತಾರೆ. ಅವಳು ಹೌದೆಂದು ತಲೆಯಾಡಿಸಿದ ಮೇಲೆಯೇ ನಂಬುತ್ತಾರೆ. ಮೂವತ್ತೈದು ವರ್ಷ ಸರ್ವೆಯರ್ ಆಗಿ ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಲಗದ್ದೆಗಳನ್ನೆಲ್ಲ ಅಳೆದುಕೊಟ್ಟವನ ಮಾತಿಗೆ ಈಗ ಇರುವ ಬೆಲೆ ಇಷ್ಟು.

ಆದದ್ದು ಇಷ್ಟೇ. ನಿವೃತ್ತನಾದ ಮರುವರ್ಷ ಹನೂರಿನಿಂದ ಕೊಳ್ಳೇಗಾಲದ ನಮ್ಮ ಮನೆಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಹೆಲ್ಮೆಟ್ ಇತ್ತು, ಆದರೆ ಅದು ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ರಸ್ತೆಯ ಪಕ್ಕದ ಹೊಲದಲ್ಲಿ ಒಂದು ಬಾಂದು ಕಲ್ಲು ವಾಲಿಕೊಂಡಿದ್ದು ಕಣ್ಣಿಗೆ ಬಿತ್ತು. ಎರಡು ಹೊಲಗಳ ಗಡಿಗೆ ನೆಟ್ಟ ಕಲ್ಲು ವಾಲಿದರೆ ಮುಂದೆ ಎರಡು ಮನೆಗಳೂ ವಾಲುತ್ತವೆಂದು ಬಲ್ಲವನು ನಾನು. ಯಾರು ಅಲುಗಾಡಿಸಿದರೋ ಎಂದು ತಿರುಗಿ ನೋಡುವಷ್ಟರಲ್ಲಿ ಎದುರಿಗಿದ್ದ ಹಂಪು ನನ್ನನ್ನು ಎತ್ತಿ ಹಾಕಿತು. ತಲೆಯ ಬಲಭಾಗಕ್ಕೆ ಪೆಟ್ಟು ಬಿತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಬೀಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನಕ್ಕೆ ನೆಂಟರ ಗೃಹಪ್ರವೇಶಕ್ಕೆ ಹೋದೆವು. ಪಂಕ್ತಿಯಲ್ಲಿ ಕುಳಿತು ಊಟಕ್ಕೆ ಕೈಹಾಕಿದರೆ ಎಲೆಯಲ್ಲಿ ಉಪ್ಪಿಲ್ಲ. ಬಡಿಸುವವನನ್ನು ಕರೆದು ಕೇಳಿದೆ, ಬಡಿಸಿ ಹೋದ. ನೋಡಿದರೆ ಇಲ್ಲ. ಮತ್ತೆ ಕೇಳಿದೆ. ಮೂರನೆಯ ಸಲ ಅವನು ಒಂದು ಹಿಡಿ ಸುರಿದು ನನ್ನನ್ನೇ ನೋಡುತ್ತಾ ಹೋದ. ಉಪ್ಪನ್ನು ಎಲೆಯ ಎಡ ತುದಿಗೆ ಬಡಿಸುವುದು ನಮ್ಮ ಪದ್ಧತಿ. ಅಲ್ಲಿ ಒಂದು ಗುಡ್ಡೆ ಉಪ್ಪು ಬಿದ್ದಿತ್ತಂತೆ. ಜೊತೆಗೆ ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆಯ ಪಲ್ಯ. ನಾನು ಬಲಗಡೆಯದನ್ನು ಬರಿದು ಮಾಡಿ, ಅಡುಗೆ ಪರವಾಗಿಲ್ಲ, ಬಗೆಗಳು ಕಡಿಮೆಯಾದವು ಎಂದು ತೀರ್ಪು ಕೊಟ್ಟು ಎದ್ದುಬಂದೆ.

ಡಾಕ್ಟರು ವಿವರಿಸಿದರು: ಕಣ್ಣು ಎಲ್ಲವನ್ನೂ ನೋಡುತ್ತಿದೆ, ಆದರೆ ಮಿದುಳು ಎಡಗಡೆಯವರ ಹಾಜರಿ ತೆಗೆದುಕೊಳ್ಳುತ್ತಿಲ್ಲ. ಕುರುಡನಾದರೆ ತನಗೆ ಕಾಣುತ್ತಿಲ್ಲವೆಂದು ಅವನಿಗೆ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ನನ್ನ ಲೆಕ್ಕಕ್ಕೆ ಜಗತ್ತು ಇರುವುದೇ ಅಷ್ಟು, ಎಲ್ಲ ಸರಿಯಾಗಿದೆ. ಒಂದು ದಿನ ಮಹದೇವಮ್ಮ ಎದುರು ಕುಳಿತಿದ್ದಾಗ, ಮೂಗುಬೊಟ್ಟು ಎಲ್ಲಿ ಕಳೆದುಕೊಂಡೆ ಎಂದು ಗದರಿದೆ. ಅವಳು ಮೂಗು ಮುಟ್ಟಿ ನೋಡಿಕೊಂಡಳು. ಅದು ಅವಳ ಬಲ ಹೊಳ್ಳೆಯಲ್ಲಿ ಇದ್ದಲ್ಲೇ ಇತ್ತು. ಆದರೆ ಎದುರು ಕುಳಿತವಳ ಬಲಭಾಗ ನೋಡುವವನ ಎಡಕ್ಕೆ ಬರುತ್ತದಲ್ಲ. ಅವಳ ತವರಿನವರು ಹಾಕಿದ ಬೊಟ್ಟು ಹೀಗೆ ನನ್ನ ಪಾಲಿಗೆ ಕಳೆದುಹೋಯಿತು.

ಹಜಾರದ ಗೋಡೆಯ ಮೇಲಿರುವ ನಮ್ಮ ಮದುವೆಯ ಫೋಟೋದ ಕಥೆ ಇದಕ್ಕಿಂತ ಮಜವಾದದ್ದು. ಧಾರೆಯಾದ ಮೇಲೆ ಹೆಣ್ಣನ್ನು ಗಂಡಿನ ಎಡಕ್ಕೆ ನಿಲ್ಲಿಸುತ್ತಾರೆ, ಹಾಗಾಗಿ ಫೋಟೋ ನೋಡುವವರಿಗೆ ಅವಳು ಬಲಕ್ಕೆ ಕಾಣುತ್ತಾಳೆ. ನಾನು ನೋಡಿದರೆ ಫೋಟೋದಲ್ಲಿ ಅವಳಿದ್ದಾಳೆ, ನಾನಿಲ್ಲ. ಮನೆಯಲ್ಲಿ ನಾನಿದ್ದೇನೆ, ಎಡಕ್ಕೆ ನಿಂತ ಅವಳಿಲ್ಲ. ಒಬ್ಬಳೇ ನಿಂತು ಯಾಕೆ ಫೋಟೋ ತೆಗೆಸಿಕೊಂಡೆ ಎಂದು ಕೇಳಿದೆನಂತೆ. ಅರ್ಧನಾರೀಶ್ವರನ ಎಡಭಾಗ ಪಾರ್ವತಿಯದು. ಶಿವನಿಗೇನಾದರೂ ಈ ಕಾಯಿಲೆ ಬಂದಿದ್ದರೆ, ಪಾಪ, ಪಾರ್ವತಿ ಎಲ್ಲಿ ಹೋದಳೆಂದು ಕೈಲಾಸವನ್ನೆಲ್ಲ ಹುಡುಕಿಸುತ್ತಿದ್ದ. ಎಡಗೈಯಲ್ಲಿ ಕೊಡಬಾರದು, ಎಡಗಾಲಿಟ್ಟು ಒಳಗೆ ಬರಬಾರದು, ಎಡ ಮಗ್ಗುಲಲ್ಲಿ ಎದ್ದರೆ ದಿನ ಕೆಟ್ಟಿತು ಎಂದು ಜೀವನವಿಡೀ ಎಡವನ್ನು ಬೈದವರು ನಾವು. ಹೆಂಡತಿಯನ್ನೂ ಹೃದಯವನ್ನೂ ಮಾತ್ರ ಆ ಕಡೆಗೇ ಇಟ್ಟುಕೊಂಡಿದ್ದೇವೆ.

ಚಿಕಿತ್ಸೆಗೆ ವಾರಕ್ಕೆರಡು ಸಲ ಚಾಮರಾಜನಗರದ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿ ನನಗೆ ಅಭ್ಯಾಸ ಮಾಡಿಸುತ್ತಿದ್ದವಳು ರಂಜಿತಾ, ಹನೂರು ಕಡೆಯ ಹುಡುಗಿ. ಮೊದಲ ದಿನ ಕಾಗದದ ಮೇಲೆ ಒಂದು ಗೆರೆ ಎಳೆದು, ಸರಿಯಾಗಿ ನಡುವೆ ಗುರುತು ಹಾಕಿ ಎಂದಳು. ನನಗೆ ನಗು ಬಂತು. ಎಷ್ಟು ಅಣ್ಣತಮ್ಮಂದಿರ ಜಮೀನಿಗೆ ಚೈನು ಹಿಡಿದು ನಡುವಿನ ಗುರುತು ಹಾಕಿಕೊಟ್ಟವನು ನಾನು. ಒಂದೇ ಏಟಿಗೆ ಗುರುತು ಹಾಕಿ ಪೆನ್ನು ಕೆಳಗಿಟ್ಟೆ. ಅದು ಬಲ ತುದಿಯಿಂದ ಕಾಲುಭಾಗದಲ್ಲಿತ್ತು. ಆ ಅಣ್ಣತಮ್ಮಂದಿರು ಅವತ್ತು ಅಲ್ಲಿದ್ದಿದ್ದರೆ ಮೂರು ತಾಲ್ಲೂಕಿನಲ್ಲೂ ಮರು ಅಳತೆಗೆ ಅರ್ಜಿಗಳು ಬೀಳುತ್ತಿದ್ದವು.

ಆಮೇಲೆ ಕಣ್ಣಿಗೆ ಡಬ್ಬಿ ಕಟ್ಟಿದರು. ಅದಕ್ಕೆ ವಿ.ಆರ್. ಎನ್ನುತ್ತಾರೆ. ಚಿಕ್ಕಂದಿನಲ್ಲಿ ನಮ್ಮೂರು ಮಾಂಬಳ್ಳಿಯ ಬೀದಿಗೆ ಒಬ್ಬ ತಲೆಯ ಮೇಲೆ ಬಯಾಸ್ಕೋಪಿನ ಪೆಟ್ಟಿಗೆ ಹೊತ್ತು ಬರುತ್ತಿದ್ದ. ತೂತಿಗೆ ಕಣ್ಣಿಟ್ಟರೆ ಒಳಗೆ ಅರಮನೆ, ರೈಲು, ಸಮುದ್ರ. ಆಮೇಲೆ ಕೆಲಸಕ್ಕೆ ಸೇರಿ ಅಳತೆಯ ಕೋಲಿನ ತಲೆಯಲ್ಲಿ ಗುರಿ ನೋಡುವ ಸಂದಿಗೆ ಕಣ್ಣಿಟ್ಟೆ. ಈಗ ಇದು ಮೂರನೆಯ ತೂತು. ಇದರೊಳಗೆ ನಾನು ಒಂದು ಬೀದಿಯಲ್ಲಿ ನಿಂತಿರುತ್ತೇನೆ, ತಲೆ ತಿರುಗಿಸಿದ ಹಾಗೆ ಬೀದಿಯೂ ತಿರುಗುತ್ತದೆ. ಎರಡು ಕಡೆಯೂ ಅಂಗಡಿ, ಆದರೆ ಒಬ್ಬ ಮನುಷ್ಯನೂ ಇಲ್ಲ. ಕೊಳ್ಳೇಗಾಲದಲ್ಲಿ ಎಂಥ ಬಂದ್ ದಿನವೂ ಬೀದಿ ಅಷ್ಟು ಖಾಲಿ ಇರುವುದಿಲ್ಲ. ಬಲಗಡೆಯಿಂದ ಒಂದು ಹಳದಿ ಹಕ್ಕಿ ಹಾರಿ ಎಡಕ್ಕೆ ಹೋಗುತ್ತದೆ, ನಾನು ಅದನ್ನು ಕಣ್ಣಲ್ಲೇ ಹಿಂಬಾಲಿಸಬೇಕು. ಅದು ಹೋಗಿ ಕುಳಿತ ಅಂಗಡಿಯಿಂದ ಅವಳು ಹೇಳಿದ ಸಾಮಾನು ತೆಗೆಯಬೇಕು.

ಮೊದಮೊದಲು ಹಕ್ಕಿ ನನ್ನ ಮೂಗಿನ ನೇರಕ್ಕೆ ಬಂದು ಮಾಯವಾಗುತ್ತಿತ್ತು. ಹಾರಿಹೋಯಿತು ಎಂದು ನಾನು ರಿಪೋರ್ಟ್ ಮಾಡುತ್ತಿದ್ದೆ. ಇಲ್ಲ ಸಾ, ಅಲ್ಲೇ ಅದೆ ಎನ್ನುತ್ತಿದ್ದಳು ರಂಜಿತಾ. ವಾರಗಳು ಕಳೆದಂತೆ ಅದು ಒಂದೊಂದು ಅಂಗಡಿ ಮುಂದಕ್ಕೆ ಹೋಗಿ ಮಾಯವಾಗತೊಡಗಿತು. ಯಾರೋ ಒತ್ತುವರಿ ಮಾಡಿಕೊಂಡಿದ್ದ ನನ್ನ ಜಮೀನನ್ನು ಹಳದಿ ಹಕ್ಕಿಯೊಂದು ಗೇಣುಗೇಣಾಗಿ ಬಿಡಿಸಿಕೊಡುತ್ತಿದೆ ಎಂದುಕೊಂಡೆ. ನನ್ನ ಅರ್ಜಿದಾರರು ಯಾಕೆ ಗಡಿ ಕಲ್ಲು ಮುಟ್ಟಿ ಮುಟ್ಟಿ ನೋಡುತ್ತಿದ್ದರೆಂದು ಆಗ ತಿಳಿಯಿತು.

ಒಂದು ದಿನ ಡಬ್ಬಿಯಿಲ್ಲದೆ ಕಣ್ಣು ಮುಚ್ಚಿಸಿ, ನೀವು ಹುಟ್ಟಿದ ಬೀದಿಯನ್ನು ಹೇಳಿ ಎಂದಳು. ಮಾಂಬಳ್ಳಿಯ ಆ ಬೀದಿಯನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ರಸ್ತೆಯ ಕಡೆಯಿಂದ ಹೊರಟೆ. ಕುಲುಮೆ, ಅದರ ಪಕ್ಕ ರೇಷ್ಮೆ ನೂಲು ತೆಗೆಯುವ ಸಾಬರ ಮನೆ, ಗೂಡು ಬೇಯಿಸುವ ಆ ವಾಸನೆ, ಆಮೇಲೆ ಬೀಡಿ ಅಂಗಡಿ, ನಂಜಣ್ಣನ ಎತ್ತಿನ ಕೊಟ್ಟಿಗೆ, ಕೊನೆಗೆ ಸೇದುವ ಬಾವಿ. ವಾಸನೆ ಸಮೇತ ಹೇಳಿ ಮುಗಿಸಿದ ಹೆಮ್ಮೆಯಲ್ಲಿ ಕಣ್ಣು ಬಿಟ್ಟೆ. ಮೂಲೆಯಲ್ಲಿ ಕುಳಿತಿದ್ದ ಮಹದೇವಮ್ಮ ಮೆಲ್ಲಗೆ ಹೇಳಿದಳು.

"ನಮ್ಮತ್ತೆ ಮನೆನೇ ಬುಟ್ಬುಟ್ರಲ್ಲ."

ನಮ್ಮ ಮನೆ ಆ ಬೀದಿಯ ಎಡಸಾಲಿನಲ್ಲಿತ್ತು.

ನೆನಪಿಗೂ ಎಡಗಡೆ ಇರುತ್ತದೆಂದು, ಅದೂ ಹೋಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಳೆಯದೆಲ್ಲ ಭದ್ರವಾಗಿದೆ, ಅದನ್ನು ಯಾವ ಹಂಪೂ ಮುಟ್ಟಲಾರದು ಎಂದು ನಂಬಿದ್ದೆ. ಭಯವಾಯಿತು. ರಂಜಿತಾ ಮಾತ್ರ ಏನೂ ಆಗಿಲ್ಲವೆಂಬಂತೆ, ಈಗ ಬಾವಿಯ ಕಡೆಯಿಂದ ವಾಪಸು ಬನ್ನಿ ಎಂದಳು. ಬಾವಿಗೆ ಬೆನ್ನು ಮಾಡಿ ನಡೆದೆ. ಈಗ ಕುಲುಮೆಯೂ ಇಲ್ಲ, ಬೀಡಿ ಅಂಗಡಿಯೂ ಇಲ್ಲ. ಬಲಕ್ಕೆ ಹುಣಸೆಮರ, ಶಾನುಭೋಗರ ಮುರುಕು ಕಾಂಪೌಂಡು, ಅದನ್ನು ದಾಟಿದರೆ ನಮ್ಮ ಜಗಲಿ. ಜಗಲಿಯ ಮೇಲೆ ಅವ್ವ ಕಾಲು ಚಾಚಿ ಕುಳಿತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆಯೇ, ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ ಎಂದು ಕೇಳುವವಳು ಅವಳು. ಆ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ನಾನು ಅತ್ತೆ. ಅವ್ವ ಹೋಗಿ ಇಪ್ಪತ್ತು ವರ್ಷವಾಗಿದೆ, ಆದರೆ ಅವಳ ಮುಂದೆಯೇ ನಡೆದುಹೋಗಿ ಅವಳನ್ನು ನೋಡದೆ ಬಂದದ್ದು ಅವತ್ತೇ.

ಇಷ್ಟರಲ್ಲಿ ಮನೆಯಲ್ಲಿ ಮಹದೇವಮ್ಮ ಒಂದು ವ್ಯವಸ್ಥೆ ಮಾಡಿಕೊಂಡಿದ್ದಳು. ನೀರಿನ ಚೊಂಬು ಬಲಕ್ಕೆ, ಪೇಪರು ಬಲಕ್ಕೆ, ತಟ್ಟೆಯಲ್ಲಿ ಪಲ್ಯ ಬಲಕ್ಕೆ, ತಾನು ಕೂರುವುದೂ ಮಲಗುವುದೂ ಬಲಕ್ಕೆ. ನನಗಂತೂ ಸುಖವಾಗಿತ್ತು. ರಂಜಿತಾ ಇದು ತಿಳಿದದ್ದೇ ಮಹದೇವಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ನೀವು ಬಲಗಡೀಕೆ ಬರಬ್ಯಾಡಿ ಕಣಮ್ಮ. ಎಡಗಡೆಲೇ ನಿಂತ್ಕಳಿ, ಕೂಗ್ಬ್ಯಾಡಿ. ಅವ್ರೇ ಹುಡೀಕಂಡು ಬರ್ಲಿ."

ಅಂದಿನಿಂದ ಅವಳು ಎಡಕ್ಕೆ ಹೋದಳು. ಎಡಕ್ಕೆ ಹೋದಳು ಎಂದರೆ ನನ್ನ ಪಾಲಿಗೆ ಇಲ್ಲವಾದಳು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಎಡಭುಜದ ಪಕ್ಕ ನಿಂತಿದ್ದಳಂತೆ. ನಾನು ಅಡುಗೆಮನೆಯ ಕಡೆಗೆ ಮುಖ ಮಾಡಿ, ಕಾಫಿ ಆಗಲಿಲ್ಲವಾ, ಇವಳೆಲ್ಲಿ ಹೋದಳು ಎಂದು ಗೊಣಗುತ್ತಿದ್ದೆನಂತೆ. ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ನಿಂತಿದ್ದು, ಒಳಗೆ ಹೋಗಿ ಬಿಸಿ ಮಾಡಿಕೊಂಡು ಬಂದು, ಮತ್ತೆ ಅಲ್ಲೇ ನಿಂತಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ನನಗೆ ನಾಚಿಕೆಯಾಗಿ, ಮೂವತ್ತು ವರ್ಷ ಜೊತೆಗಿದ್ದವಳು ಪಕ್ಕದಲ್ಲಿದ್ದರೂ ಕಾಣಲಿಲ್ಲವಲ್ಲ, ನಿನಗೆ ಎಷ್ಟು ಬೇಜಾರಾಗಿರಬೇಕು ಎಂದೆ. ಮೊದಲೇನು ಬಹಳ ನೋಡುತ್ತಿದ್ದಿರಾ ಎಂದಳು.

ಡಬ್ಬಿಯೊಳಗೆ ನಾನು ಬೇಗ ಪಾಸಾದೆ. ಆರು ತಿಂಗಳಿಗೆ ಹಕ್ಕಿ ಎಡ ತುದಿಯ ಕೊನೆಯ ಅಂಗಡಿಯವರೆಗೂ ಹೋಗಿ ಕೂರುತ್ತಿತ್ತು, ನಾನು ಅಲ್ಲಿಂದ ಬೆಲ್ಲ ಬೇಳೆ ಎಲ್ಲ ತೆಗೆಯುತ್ತಿದ್ದೆ. ಪರದೆಯ ಮೇಲೆ ನೂರಕ್ಕೆ ತೊಂಬತ್ತು ಎಂದು ಬರುತ್ತಿತ್ತು. ಮನೆಗೆ ಬಂದರೆ ಕಾಫಿ ಮಾತ್ರ ಆರುತ್ತಲೇ ಇತ್ತು. ಹೊರಗೆ ಹಕ್ಕಿ ಇಲ್ಲವಲ್ಲ ಸಾ, ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದು ರಂಜಿತಾ ಧೈರ್ಯ ಹೇಳಿದಳು. ಮಹದೇವಮ್ಮ ನನ್ನ ಅಂಕಗಳನ್ನು ಕೇಳಿ ಹೂಂಗುಟ್ಟುತ್ತಿದ್ದಳು. ಅವಳಿಗೆ ಬೇಕಾಗಿದ್ದ ಪರೀಕ್ಷೆ ಬೇರೆ ಇತ್ತು.

ಅದು ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ನಡೆಯುತ್ತಿತ್ತು. ಕೊಳ್ಳೇಗಾಲದಿಂದ ಯಳಂದೂರಿನ ಕಡೆಗೆ ಹೋಗುವಾಗ ಬಿಳಿಗಿರಿರಂಗನ ಬೆಟ್ಟ ಎಡಕ್ಕೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ಇದೇ ದಾರಿಯಲ್ಲಿ, ಇದೇ ಕೆಂಪು ಬಸ್ಸಿನಲ್ಲಿ, ಅವಳನ್ನು ಎಡಗಡೆಯ ಕಿಟಕಿಗೆ ಕೂರಿಸಿ ನಾನು ಬೆಟ್ಟ ತೋರಿಸಿದ್ದೆ. ಹೊಸ ಹೆಂಡತಿಗೆ ಏನು ಹೇಳಬೇಕೆಂದು ತಿಳಿಯದೆ, ರಸ್ತೆಯಿಂದ ಬೆಟ್ಟದ ಬುಡದವರೆಗೆ ಬರುವ ಜಮೀನುಗಳ ಚಕ್ಕುಬಂದಿ ಹೇಳಿದ್ದೆ: ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಇಂಥವರ ತೋಟ, ಬಡಗಲಿಗೆ ಕಾಲುವೆ. ನಾಲ್ಕು ದಿಕ್ಕಿನ ಗಡಿ ಹೇಳಿ ಹೆಂಡತಿಯನ್ನು ಒಲಿಸಿಕೊಳ್ಳಲು ಹೊರಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅವಳು ಯಳಂದೂರಿನವರೆಗೂ ಕೇಳಿಸಿಕೊಂಡಳು. ಅಂದಿನಿಂದ ಆ ದಾರಿಯಲ್ಲಿ ಎಡ ಕಿಟಕಿ ಅವಳದು.

ಈಗಲೂ ಅಲ್ಲೇ ಕೂರುತ್ತಿದ್ದಳು. ಮಾಂಬಳ್ಳಿ ದಾಟಿದ ಮೇಲೆ ಒಂದೇ ಒಂದು ಸಲ, ಯಾವ ಕಡೆಯೆಂದು ಹೇಳದೆ, ಬೆಟ್ಟ ಕಾಣುತ್ತದಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಬರಿಯ ಇಲ್ಲ ಅಲ್ಲ, ಕಾರಣ ಸಮೇತ. ಈ ಬೆಟ್ಟ ಹೋಗುವಾಗ ಇರುವುದಿಲ್ಲ, ಬರುವಾಗ ಮಾತ್ರ ಇರುತ್ತದೆ. ಬೆಳಗಿನ ಮಂಜು ಮುಚ್ಚಿರುತ್ತದೆ, ಸಂಜೆಗೆ ಬಿಡುತ್ತದೆ ಎಂದು ವಿವರಿಸುತ್ತಿದ್ದೆ. ಬರುವಾಗ ಅದು ಬಲಕ್ಕೆ ಬರುವುದರಿಂದ ಕಾಣುತ್ತಿತ್ತು, ಕಂಡೊಡನೆ ನೋಡಿದೆಯಾ ಎಂದು ಗೆದ್ದವನಂತೆ ತೋರಿಸುತ್ತಿದ್ದೆ. ನಕ್ಷೆ ಬರೆದು ಬರೆದು ಹೊಟ್ಟೆ ಹೊರೆದ ಮನುಷ್ಯ ಹೀಗೆ ವಾರಕ್ಕೆರಡು ಸಲ ಒಂದು ಬೆಟ್ಟವನ್ನು ಬೆಳಿಗ್ಗೆ ಎತ್ತಿಟ್ಟು ಸಂಜೆ ತಂದಿಡುತ್ತಿದ್ದ. ಅವಳು ವಾದ ಮಾಡುತ್ತಿರಲಿಲ್ಲ. ಕಿಟಕಿಯಾಚೆ ಬೆಟ್ಟದ ರಂಗನಿಗೆ ಕೈ ಮುಗಿಯುತ್ತಿದ್ದಳು.

ಎಂಟನೆಯ ತಿಂಗಳಿನ ಒಂದು ಬೆಳಿಗ್ಗೆ ಬಸ್ಸು ಮಾಂಬಳ್ಳಿಯಲ್ಲಿ ನಿಂತಿತು. ಬಲಕ್ಕೆ ಮನೆಗಳ ಸಾಲು ನೋಡುತ್ತಿದ್ದವನಿಗೆ ಇನ್ನೊಂದು ಸಾಲು ಯಾವ ಕಡೆ ಇದೆ ಎನ್ನಿಸಿತು. ಅವ್ವನ ಜಗಲಿಯನ್ನು ಬಿಟ್ಟು ನಡೆದ ದಿನದಿಂದ ಈ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ: ಏನಾದರೂ ಬಿಟ್ಟುಹೋಗಿದೆಯಾ, ಯಾರಾದರೂ ಬಿಟ್ಟುಹೋಗಿದ್ದಾರಾ ಎಂದು. ಹಕ್ಕಿ ಇರಲಿಲ್ಲ, ಯಾರೂ ಕೂಗಲಿಲ್ಲ. ನಾನೇ ಕತ್ತು ತಿರುಗಿಸಿದೆ, ಇನ್ನೂ ಸ್ವಲ್ಪ ತಿರುಗಿಸಿದೆ.

ಅಲ್ಲಿ ಅವಳು ಕುಳಿತಿದ್ದಳು. ಗಾಳಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಯಾವಾಗ ಆಯಿತೋ ಗೊತ್ತಿಲ್ಲ. ನನ್ನ ಕಡೆಗಿದ್ದ ಹೊಳ್ಳೆಯಲ್ಲಿ ಮೂಗುಬೊಟ್ಟು ಬಿಸಿಲಿಗೆ ಮಿಣುಕ್ ಎನ್ನುತ್ತಿತ್ತು. ನಾನು ನೋಡುತ್ತಿರುವುದು ಅವಳಿಗೆ ತಿಳಿಯಲಿಲ್ಲ. ಬಸ್ಸು ಹೊರಟ ಮೇಲೆ, ಹೊರಗೆ ನೋಡುತ್ತಲೇ, ಇಲ್ಲ ಎಂಬ ಉತ್ತರಕ್ಕೆ ಆಗಲೇ ತಯಾರಾದ ದನಿಯಲ್ಲಿ ಎಂದಿನಂತೆ ಕೇಳಿದಳು.

"ಬೆಟ್ಟ ಕಾಣ್ತದಾ?"

"ಎಲ್ಲಿ ಕಾಣ್ತದ? ನೀನೇ ಅಡ್ಡ ಕೂತಿದ್ದೀಯಲ್ಲ."

ಅವಳು ನಿಧಾನವಾಗಿ ಈ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಹಿಂದಕ್ಕೆ ಒರಗಿ ದಾರಿ ಬಿಡುತ್ತಿದ್ದರು. ಅವಳು ಅಲುಗಾಡಲಿಲ್ಲ. ಯಳಂದೂರು ಬರುವವರೆಗೂ ನನಗೆ ಬೆಟ್ಟ ಕಾಣಲಿಲ್ಲ.