ಆಡದೆ ಕೂತ ಕೊನೆಯ ವಾರ

ನನ್ನ ಗಂಡ ಗಾಲ್ಫ್ ಆಡಿ ಬದುಕುವವರು. ನಾನು ಪಾಠ ಹೇಳುವ ಹೊಳೆನರಸೀಪುರದ ಶಾಲೆಯಲ್ಲಿ ಈ ಮಾತನ್ನು ಇವತ್ತಿಗೂ ಯಾರೂ ಪೂರ್ತಿ ನಂಬುವುದಿಲ್ಲ. ಇವರು ದುದ್ದದ ರೈತರ ಮನೆಯವರು. ಮೈಸೂರಿಗೆ ಓದಲು ಹೋದಾಗ ಕೈಖರ್ಚಿಗೆಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಾ ಆಟ ಕಲಿತರು.

ಅತ್ತೆಗೆ ಈ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಮಗ ಊರೂರು ಸುತ್ತಿ ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದರು: “ಗೆದ್ನಾ, ಸೋತ್ನಾ? ಅದೊಂದ ಯೇಳವ್ವ.”

ಅದೊಂದನ್ನೇ ಹೇಳುವುದು ಕಷ್ಟ. ಒಂದು ಪಂದ್ಯಾವಳಿ ನಾಲ್ಕು ದಿನ ನಡೆಯುತ್ತದೆ. ಎರಡು ದಿನವಾದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಅವರಿಗೆ ಬಹುಮಾನವೂ ಇಲ್ಲ, ಅಂಕವೂ ಇಲ್ಲ. ಉಳಿದವರಿಗೆ ಸ್ಥಾನಕ್ಕೆ ತಕ್ಕ ಅಂಕ. ಅದನ್ನು ವರ್ಷವಿಡೀ ಕೂಡುತ್ತಾ ಹೋಗಿ, ಕೊನೆಗೆ ಎಲ್ಲರಿಗಿಂತ ಮೇಲಿದ್ದವನಿಗೆ ದೊಡ್ಡ ಬಹುಮಾನ ಕೊಡುತ್ತಾರೆ. ನಮ್ಮ ಕಣ್ಣು ಅಲ್ಲಿರಲಿಲ್ಲ. ಪಟ್ಟಿಯ ಕೆಳಭಾಗದಲ್ಲಿ ಒಂದು ಗೆರೆ ಇರುತ್ತದೆ. ಅದರ ಮೇಲಿದ್ದವರಿಗೆ ಮುಂದಿನ ವರ್ಷವೂ ಆಡುವ ಹಕ್ಕು. ಕೆಳಗೆ ಬಿದ್ದವರು ಹೊಸಬರ ಜೊತೆ ಮತ್ತೆ ಅರ್ಹತಾ ಪಂದ್ಯ ಆಡಬೇಕು.

ಆ ವರ್ಷ ಕೊನೆಯ ಪಂದ್ಯಾವಳಿಗೆ ಮೊದಲು ಇವರ ಬಲಗೈ ಮಣಿಕಟ್ಟು ಊದಿಕೊಂಡಿತು. ಆಡಬೇಡಿ ಎಂದರು ಹಾಸನದ ಡಾಕ್ಟರು. ಗೆರೆಗಿಂತ ಮೇಲಿದ್ದವರಲ್ಲಿ ಇವರೇ ಕಟ್ಟಕಡೆಯವರು. ಆಡದಿದ್ದರೆ ಅಂಕ ಕಮ್ಮಿಯಾಗುವುದಿಲ್ಲ, ಆದರೆ ಕೆಳಗಿನವರು ದಾಟಿ ಹೋಗಬಹುದು. ಸ್ವಲ್ಪವೇ ಕೆಳಗಿದ್ದವರು ಇವರ ಅರಕಲಗೂಡಿನ ಸ್ನೇಹಿತರೊಬ್ಬರು, ಮೈಸೂರಿನಲ್ಲಿ ಇವರ ಜೊತೆಗೇ ಚೀಲ ಹೊತ್ತವರು. ಅವರ ಮದುವೆಯಲ್ಲಿ ನಾನು ಆರತಿ ಎತ್ತಿದ್ದೆ.

ಮೂರನೇ ದಿನದ ಆಟ ಮುಗಿದ ಸಂಜೆ ಅವರ ಫೋನ್ ಬಂತು. ಆ ಮೈದಾನದಲ್ಲಿ ಚೆಂಡು ಬೀಳಿಸಬೇಕಾದ ಕೊನೆಯ ಕೆಲವು ಕುಳಿಗಳಲ್ಲಿ ತಡವರಿಸುತ್ತಿದ್ದೇನೆ, ಹೋದ ವರ್ಷ ನೀನು ಅಲ್ಲಿ ಹೇಗೆ ಆಡಿದೆ ಎಂದು ಕೇಳಿದರು. ಇವರು ಗೋಡೆಗೆ ಒರಗಿ ನಿಂತು, ಗಾಳಿ ಯಾವ ಕಡೆಯಿಂದ ಬರುತ್ತದೆ, ಚೆಂಡನ್ನು ಎಲ್ಲಿ ಇಳಿಸಬೇಕು, ಯಾವ ಕುಳಿಯ ಸುತ್ತಲಿನ ಹುಲ್ಲುಹಾಸು ಎಡಕ್ಕೆ ಇಳಿಜಾರಿದ್ದಂತೆ ಕಂಡು ಚೆಂಡನ್ನು ಬಲಕ್ಕೆ ಉರುಳಿಸುತ್ತದೆ ಎಂದು ಒಂದೊಂದನ್ನೇ ಬಿಡಿಸಿ ಹೇಳಿದರು. ನಾನು ಅಡುಗೆಮನೆ ಬಾಗಿಲಲ್ಲಿ ಕೇಳುತ್ತಾ ನಿಂತಿದ್ದೆ.

“ಅವ್ರು ಮೇಲೆ ಬಂದ್ರೆ ನೀವು ಕೆಳಗೆ ಹೋಗ್ತೀರ,” ಎಂದೆ.

“ಗೊತ್ತು ಕಣೆ.”

“ಮತ್ಯಾಕೆ ಹೇಳಿದ್ರಿ?”

“ಕೇಳ್ದ. ಗೊತ್ತಿರೋದ್ನ ಗೊತ್ತಿಲ್ಲ ಅಂತ ಎಂಗೆ ಯೇಳ್ಲಿ?”

ಮಾರನೇ ದಿನ ದುದ್ದದಲ್ಲಿ, ಅತ್ತೆಯ ಮನೆಯಲ್ಲಿದ್ದೆವು. ಫೋನಿನಲ್ಲಿ ಅಂಕಗಳು ಬದಲಾಗುತ್ತಿದ್ದವು. ಸ್ನೇಹಿತರ ಚೆಂಡು ನೀರಿಗೆ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ; ನನ್ನ ಪಕ್ಕದಲ್ಲೇ ಕೂತ ಇವರು ಅವರ ಒಂದೊಂದು ಒಳ್ಳೆಯ ಹೊಡೆತಕ್ಕೂ ತಲೆ ಆಡಿಸುತ್ತಿದ್ದರು. ಮಧ್ಯಾಹ್ನ ದಾಟುವ ಹೊತ್ತಿಗೆ ಇಬ್ಬರ ಸ್ಥಾನವೂ ಅದಲುಬದಲಾಯಿತು. ಇವರು ಫೋನ್ ಮಗುಚಿಟ್ಟು ಎದ್ದು ಹೋಗಿ ಹಸುಗಳಿಗೆ ಹುಲ್ಲು ಹಾಕಿದರು.

ಅತ್ತೆ ಎಂದಿನಂತೆ ಕೇಳಿದರು.

“ಆಡ್ದೇನೇ ಸೋತ್ರು ಅತ್ತೆ,” ಎಂದೆ. ಅವರು ನನ್ನ ಮುಖ ನೋಡಿ, ಮಗನಿದ್ದ ಕೊಟ್ಟಿಗೆಯ ಕಡೆ ನಡೆದರು.

ಕೆಲವು ದಿನ ಬಿಟ್ಟು ಸ್ನೇಹಿತರು ಹಾಸನದ ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟೆ, ಅದು ಅವರ ಕೈಯಲ್ಲೇ ಆರಿತು. “ಅರ್ಹತಾ ಪಂದ್ಯಕ್ಕೆ ಇವನ ಚೀಲ ನಾನೇ ಹೊರ್ತೀನಿ ಅಕ್ಕ,” ಎಂದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ. ಅವರು ಹೇಳಿದಂತೆಯೇ ಹೊತ್ತರು. ಆದರೆ ಮಣಿಕಟ್ಟಿನ ನೋವು ಪೂರ್ತಿ ಹೋಗಿರಲಿಲ್ಲ. ಇವರಿಗೆ ಪೂರ್ಣ ಹಕ್ಕು ಸಿಗಲಿಲ್ಲ, ಕಾಯುವವರ ಸಾಲಿನಲ್ಲಿ ಜಾಗ ಸಿಕ್ಕಿತು. ಯಾರಾದರೂ ಆಡದೆ ಹಿಂದೆ ಸರಿದರೆ ಮಾತ್ರ ಕರೆ ಬರುತ್ತದೆ.

ಅಂದಿನಿಂದ ನಮ್ಮ ಸಂಸಾರ ಇನ್ನೊಬ್ಬರ ಬೆನ್ನುನೋವು, ಜ್ವರ ಕಾಯುತ್ತಾ ಸಾಗಿದೆ. ಸ್ನೇಹಿತರಿಬ್ಬರೂ ದಿನಾ ಮಾತಾಡುತ್ತಾರೆ. ಫೋನ್ ನನ್ನ ಕೈಗೆ ಬಂದರೆ ಊಟ ಆಯಿತಾ ಎಂದು ಕೇಳಿ ವಾಪಸ್ ಕೊಡುತ್ತೇನೆ.

ಮೊನ್ನೆ ನೆಂಟರ ಮದುವೆಗೆಂದು ಚನ್ನರಾಯಪಟ್ಟಣದ ಬಸ್ಸಿನಲ್ಲಿದ್ದಾಗ ಕರೆ ಬಂತು. ಇವರು ದಾರಿಯಲ್ಲೇ ಇಳಿದು ಹಿಂತಿರುಗಿದರು. ನಾನೊಬ್ಬಳೇ ಹೋಗಿ, ಇವರಿಗೆ ಕೆಲಸವಿತ್ತು, ಬರಲಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಎರಡು ದಿನದ ಆಟಕ್ಕೇ ಹಿಂದೆ ಬಿದ್ದು ಇವರು ಮನೆಗೆ ಬಂದರು. ನಾನು ನೀರು ಕಾಯಿಸಿ, ಇವರ ಮಣಿಕಟ್ಟಿಗೆ ಶಾಖ ಕೊಟ್ಟೆ.